ಕಡಲೆಕಾಯಿ ಭರಣಿ, ಹೂವಿನ ಮೊಳ, ಆಟೋ ನಂಬರು: ನಮ್ಮ ಶಾಲೆಯ ಗಣಿತ ವಾರದ ಒಂದು ಪ್ರಕರಣ ಅಧ್ಯಯನ

"ಮಿಸ್, ಗಣಿತ ಬರದೇ ಇರೋರು ಈ ವಾರ ಏನ್ ಮಾಡ್ಬೇಕು?"

2022ರ ಡಿಸೆಂಬರ್‌ನಲ್ಲಿ ಏಳನೇ ತರಗತಿಯ ಒಬ್ಬ ಹುಡುಗಿ ನನ್ನನ್ನು ಹೀಗೆ ಕೇಳಿದಳು. ಅವಳು ತಮಾಷೆ ಮಾಡುತ್ತಿರಲಿಲ್ಲ. ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದಳು. ಕಾರ್ಯಕ್ರಮಕ್ಕೆ ಹಾಲ್ ಗುಡಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು.

ಬಸವನಗುಡಿ ಮತ್ತು ಹನುಮಂತನಗರದ ನಡುವೆ ಇರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಒಂದರಿಂದ ಎಂಟರವರೆಗೆ ತರಗತಿಗಳಿವೆ. ಒಂದು ದಿನ ಬರುವ ಮಕ್ಕಳು 170ರ ಆಸುಪಾಸು. ಆ ವರ್ಷ ಎಲ್ಲರೂ ಮಾಡುವ ಹಾಗೆ ನಾವೂ ಗಣಿತ ವಾರ ಮಾಡಿದ್ದೆವು. ಕ್ವಿಜ್, ಚಾರ್ಟ್ ಸ್ಪರ್ಧೆ, ಮಗ್ಗಿ ಸ್ಪರ್ಧೆ, ರಾಮಾನುಜನ್ ಬಗ್ಗೆ ಭಾಷಣ ಇದ್ದವು. ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿ. ಅವರ 125ನೇ ಹುಟ್ಟುಹಬ್ಬದ ಲೆಕ್ಕದಲ್ಲಿ 2012ರಿಂದ ಆ ದಿನವನ್ನು ರಾಷ್ಟ್ರೀಯ ಗಣಿತ ದಿನ ಅಂತ ಆಚರಿಸುತ್ತೇವೆ. ಇದನ್ನು ನಾಲ್ಕು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸಿದರು. ಬಹುಮಾನ ತಗೊಂಡವರೂ ಹೆಚ್ಚು ಕಡಿಮೆ ಅವರೇ. ಉಳಿದವರು ಕೂತು ಚಪ್ಪಾಳೆ ಹೊಡೆದರು.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಆ ಪ್ರಶ್ನೆಯೇ ತಲೆಯಲ್ಲಿ ಸುತ್ತುತ್ತಿತ್ತು. ಗಣಿತದ ಭಯ ಹೋಗಲಿ ಅಂತ ವಾರ ಮಾಡಿದೆವು. ಆದರೆ ಭಯ ಇದ್ದವರಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಮುಂದಿನ ವರ್ಷದ ವಾರವನ್ನು ಈ ಹುಡುಗಿಯಿಂದಲೇ ಶುರು ಮಾಡಿ ಯೋಜಿಸಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. 2023ರ ಡಿಸೆಂಬರ್ 18ರಿಂದ 22ರವರೆಗೆ ನಡೆದ ಆ ವಾರದ ವಿವರ ಇಲ್ಲಿದೆ. ಸರಿ ಹೋದದ್ದನ್ನೂ ಬರೆದಿದ್ದೇನೆ, ಕೆಟ್ಟದ್ದನ್ನೂ ಬರೆದಿದ್ದೇನೆ.

ಯೋಜನೆ ಹಾಕಿದ್ದು ಹೇಗೆ

ನವೆಂಬರ್ ಮೊದಲ ಶನಿವಾರ ಎಚ್‌ಎಂ ಮೇಡಂ ಕೊಠಡಿಯಲ್ಲಿ ಕೂತೆವು. ಮೊದಲು ಬಂದ ಮಾತು "ಪಾಠ ಇನ್ನೂ ಮುಗಿದಿಲ್ಲ, ವಾರ ಎಲ್ಲಿಂದ ತರೋದು?" ಅಂತ. ನ್ಯಾಯವಾದ ಮಾತು. ಡಿಸೆಂಬರ್‌ನಲ್ಲಿ ಪ್ರವಾಸ, ಕಿರುಪರೀಕ್ಷೆ, ದಾಖಲೆ ಬರೆಯುವುದು ಎಲ್ಲ ಒಟ್ಟಿಗೆ ಬರುತ್ತವೆ. ಹಾಗಾಗಿ ಪಾಠದ ಹೊರಗೆ ಏನನ್ನೂ ಇಡದಿರಲು ನಿರ್ಧರಿಸಿದೆವು. ಅಳತೆ, ಅನುಪಾತ, ದತ್ತಾಂಶ, ನಾಲ್ಕಂಕಿಯ ಕಳೆಯುವ ಲೆಕ್ಕ ಹೇಗೂ ಮಾಡಲೇಬೇಕು. ಅವನ್ನೇ ಆ ವಾರಕ್ಕೆ ಎತ್ತಿಟ್ಟೆವು. ದಿನಕ್ಕೆ ಎರಡು ಪೀರಿಯಡ್, ಅಷ್ಟೇ. ಉಳಿದ ಪಾಠಗಳು ಎಂದಿನಂತೆ.

ಒಂದೊಂದು ಚಟುವಟಿಕೆಯನ್ನೂ ಮೂರು ಪ್ರಶ್ನೆಗಳಿಗೆ ಒಡ್ಡಿದೆವು. ಮಗ್ಗಿ ಬರದ ಮಗು ಇದನ್ನು ಶುರು ಮಾಡಬಹುದಾ? ಕೈಗೆ ಏನಾದರೂ ಕೆಲಸ ಇದೆಯಾ? ತಾನು ಮಾಡಿದ್ದು ಸರಿಯೋ ತಪ್ಪೋ ಅಂತ ಟೀಚರ್ ಹೇಳದೆಯೇ ಮಗುವಿಗೆ ಗೊತ್ತಾಗುತ್ತಾ? ಮೂರನೆಯದೇ ಕಷ್ಟದ್ದು. ನಾನು ಆಸೆಪಟ್ಟು ಬರೆದುಕೊಂಡಿದ್ದ ಅರ್ಧದಷ್ಟು ಐಡಿಯಾಗಳು ಅಲ್ಲೇ ಬಿದ್ದುಹೋದವು. ಸುಡೊಕು ಹೋಯಿತು. ಒಗಟಿನ ಸ್ಪರ್ಧೆ ಹೋಯಿತು. ಬಹುಮಾನಗಳನ್ನೂ ತೆಗೆದೆವು. ಇದಕ್ಕೆ ಪಿಟಿ ಸರ್ ಒಪ್ಪಲಿಲ್ಲ. ಗೆಲುವು ಸೋಲು ಇಲ್ಲದಿದ್ದರೆ ಮಕ್ಕಳಿಗೆ ಉತ್ಸಾಹ ಎಲ್ಲಿಂದ ಬರುತ್ತೆ ಅಂತ ಅವರು ಕೇಳಿದರು. "ಒಂದು ವರ್ಷ ನೋಡೋಣ ಸರ್" ಅಂದೆ.

ಕನ್ನಡ ಮೇಡಂ "ನಂಗೇ ಗಣಿತ ಅಂದ್ರೆ ಆಗಲ್ಲ, ನನ್ನ ಬಿಟ್ಬಿಡಿ" ಅಂದರು. ಅವರನ್ನು ಬಿಡಲಿಲ್ಲ. ಮಹಾವೀರಾಚಾರ್ಯರನ್ನು ಅವರಿಗೇ ಒಪ್ಪಿಸಿದೆ. ಒಂಬತ್ತನೇ ಶತಮಾನದವರು, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ' ಬರೆದವರು. ನೃಪತುಂಗ ಅಂದ ಕೂಡಲೇ ಮೇಡಂ ಮುಖ ಅರಳಿತು. ಕವಿರಾಜಮಾರ್ಗ ಪಾಠ ಮಾಡುವವರಿಗೆ ಅವನು ಹೊಸಬನಾ? ಅದೇ ರಾಜನ ಕಾಲದಲ್ಲಿ ಲೆಕ್ಕದ ಪುಸ್ತಕವೂ ಹುಟ್ಟಿತು ಅಂತ ಅವರು ಯಾವತ್ತೂ ಯೋಚಿಸಿರಲಿಲ್ಲವಂತೆ.

ಸೋಮವಾರ: ಭರಣಿ

ಹಿಂದಿನ ವಾರವಷ್ಟೇ ಕಡಲೆಕಾಯಿ ಪರಿಷೆ ಮುಗಿದಿತ್ತು. ದೊಡ್ಡ ಬಸವಣ್ಣನ ಗುಡಿ ರಸ್ತೆಯಲ್ಲಿ ಇನ್ನೂ ಸಿಪ್ಪೆ ಬಿದ್ದಿತ್ತು. ಪರಿಷೆಯಲ್ಲಿ ತಗೊಂಡ ಹುರಿದ ಕಡಲೆಕಾಯಿಯನ್ನು ದೊಡ್ಡ ಗಾಜಿನ ಭರಣಿಗೆ ತುಂಬಿ ಗೇಟಿನ ಹತ್ತಿರ ಮೇಜಿನ ಮೇಲೆ ಇಟ್ಟೆವು. ಒಳಗೆ ಎಷ್ಟು ಕಾಯಿ ಇವೆ? ಅಂದಾಜು ಮಾಡಿ ಚೀಟಿ ಬರೆದು ಡಬ್ಬಿಗೆ ಹಾಕಬೇಕು. ಮುಟ್ಟಬಹುದು, ಎತ್ತಬಹುದು, ಮುಚ್ಚಳ ತೆಗೆಯುವ ಹಾಗಿಲ್ಲ.

ಚೀಟಿಗಳಲ್ಲಿ 80 ಅಂತಲೂ ಇತ್ತು, 10,000 ಅಂತಲೂ ಇತ್ತು. ಕ್ಲಾಸಲ್ಲಿ ಸದಾ ಮೊದಲು ಕೈಯೆತ್ತುವ ಒಬ್ಬ ಹುಡುಗ ತುಂಬಾ ಹೊತ್ತು ನಿಂತು 3,500 ಬರೆದ. ಆರನೇ ತರಗತಿಯ ಇನ್ನೊಬ್ಬ ಇದ್ದಾನೆ. ಬೋರ್ಡಿನ ಮೇಲೆ ಗುಣಾಕಾರ ಕೊಟ್ಟರೆ ಕೆಳಗೆ ನೋಡುವವನು. ಅವನು ಭರಣಿಯನ್ನು ಒಂದು ಸಲ ಎತ್ತಿ ಇಳಿಸಿದ, 800 ಅಂತ ಬರೆದು ಹೋಗಿಬಿಟ್ಟ.

ಮಧ್ಯಾಹ್ನ ಎಲ್ಲರೆದುರು ನೆಲದ ಮೇಲೆ ಚಾಪೆ ಹಾಸಿ ಸುರಿದು ಎಣಿಸಿದೆವು. ಹತ್ತರ ಗುಂಪು, ಆಮೇಲೆ ನೂರರ ಗುಂಪು. ನಾಲ್ಕನೇ ತರಗತಿಯವರಿಗೆ ಸ್ಥಾನಬೆಲೆಯನ್ನು ನಾನು ಇಷ್ಟು ಚೆನ್ನಾಗಿ ಯಾವತ್ತೂ ತೋರಿಸಿರಲಿಲ್ಲ. ಎಂಟು ನೂರರ ಗುಡ್ಡೆ, ಮೂರು ಹತ್ತರ ಗುಡ್ಡೆ, ಆರು ಬಿಡಿ. ಒಟ್ಟು 836.

ಆ ಹುಡುಗನನ್ನು ಕರೆದು ಹೇಗೆ ಹೇಳಿದೆ ಅಂತ ಕೇಳಿದೆ. ಮೊದಲು ಬೈಯುತ್ತಾರೇನೋ ಅಂದುಕೊಂಡು ಸುಮ್ಮನೆ ನಿಂತ. ಆಮೇಲೆ ಹೇಳಿದ. ಪ್ರತಿ ವರ್ಷ ಪರಿಷೆಯಲ್ಲಿ ಮಾವನ ಅಂಗಡಿಯಲ್ಲಿ ಅಳೆದು ಕೊಡುವುದು ಅವನೇ. "ಒಂದ್ ಹಿಡೀಲಿ ಹತ್ತು ಕಾಯಿ ಬರ್ತವೆ ಮಿಸ್. ಪಾವಿಗೆ ನಾಲ್ಕು ಹಿಡಿ. ಇದು ಐದು ಸೇರಿನ ಭರಣಿ." ಅಷ್ಟೇ ಹೇಳಿ ನಿಲ್ಲಿಸಿದ. ಸೇರಿಗೆ ನಾಲ್ಕು ಪಾವು, ಐದು ಸೇರಿಗೆ 20 ಪಾವು, ಪಾವಿಗೆ 40 ಕಾಯಿ. ಬೋರ್ಡಿನ ಮೇಲೆ ಅವನ ಮಾತನ್ನೇ ಲೆಕ್ಕವಾಗಿ ಬರೆದೆ. ಕ್ಲಾಸಿನಲ್ಲಿ ನಾನು ಕೇಳಿದಾಗ ಕೆಳಗೆ ನೋಡುವ ಗುಣಾಕಾರ ಇದೇ. ಸಂತೆಯಲ್ಲಿ ಅವನಿಗೆ ಅದು ಕೈಯಲ್ಲೇ ಇತ್ತು. ಇಷ್ಟು ವರ್ಷ ನಾನು ಅವನ ಆ ಕೈಯನ್ನು ನೋಡಿರಲೇ ಇಲ್ಲ. ಇದನ್ನು ಬರೆಯುವಾಗಲೂ ನನಗೆ ಬೇಜಾರಾಗುತ್ತದೆ.

ಮಂಗಳವಾರ: ಮೊಳ, ಮಾರು, ಹಾಲಿನ ಪುಡಿ

ಗಾಂಧಿಬಜಾರಿನಲ್ಲಿ ಹೂವು ಕಟ್ಟಿ ಮಾರುವ ಒಬ್ಬ ಅಮ್ಮನನ್ನು ಒಂದು ಗಂಟೆ ಶಾಲೆಗೆ ಕರೆದಿದ್ದೆವು. ನಮ್ಮ ಒಬ್ಬ ವಿದ್ಯಾರ್ಥಿಯ ಅಜ್ಜಿ. ಡಿಸೆಂಬರ್ ಚಳಿಯಲ್ಲಿ ಮಲ್ಲಿಗೆ ಬೆಲೆ ಏರಿರುತ್ತದೆ, ಅದಕ್ಕೆ ಒಂದೇ ಒಂದು ಮಾರು ಸೇವಂತಿಗೆ ತಗೊಂಡೆವು. ಮಕ್ಕಳ ಕೈಗೆ ಕೊಟ್ಟಿದ್ದು ಹುರಿ.

ಅಜ್ಜಿ ಮೊಣಕೈಯಿಂದ ಬೆರಳ ತುದಿಯವರೆಗೆ ಹೂವು ಹಿಡಿದು "ಇದು ಮೊಳ" ಅಂದರು. ಎರಡೂ ಕೈ ಚಾಚಿ "ಇದು ಮಾರು" ಅಂದರು. ಮಕ್ಕಳು ತಮ್ಮ ತಮ್ಮ ಮೊಳದ ಉದ್ದಕ್ಕೆ ಹುರಿ ಕತ್ತರಿಸಿ ಹೆಸರು ಬರೆದ ಚೀಟಿ ಕಟ್ಟಿದರು. ಎಲ್ಲವನ್ನೂ ಒಂದೇ ಮೊಳೆಗೆ ನೇತು ಹಾಕಿದಾಗ ನೋಡಬೇಕಿತ್ತು. ನಾಲ್ಕನೇ ತರಗತಿಯ ಪುಟ್ಟವಳ ಮೊಳ 33 ಸೆಂಟಿಮೀಟರ್, ಪಿಟಿ ಸರ್ ಮೊಳ 48. "ಹಾಗಾದ್ರೆ ಹೂವು ತಗೊಳ್ಳೋಕೆ ಸರ್‌ನ ಕರ್ಕೊಂಡು ಹೋಗ್ಬೇಕು" ಅಂತ ಯಾರೋ ಕೂಗಿದರು. ಅಜ್ಜಿ ನಕ್ಕು, "ಅಳೆಯೋದು ನನ್ನ ಕೈಯಪ್ಪ" ಅಂದರು. ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕು, ಮೀಟರ್ ಯಾಕೆ ಬಂತು ಅನ್ನುವುದಕ್ಕೆ ಇನ್ನೇನು ಹೇಳಬೇಕು?

ಆಮೇಲೆ ಪ್ರತಿಯೊಬ್ಬರೂ ತಮ್ಮ ಮಾರಿನಲ್ಲಿ ತಮ್ಮದೇ ಎಷ್ಟು ಮೊಳ ಇದೆ ಅಂತ ನೋಡಿದರು. ಚಿಕ್ಕವರಾಗಲಿ ದೊಡ್ಡವರಾಗಲಿ, ಎಲ್ಲರಿಗೂ ಹೆಚ್ಚು ಕಡಿಮೆ ನಾಲ್ಕೇ ಬಂತು. ಉದ್ದ ಬೇರೆ ಬೇರೆ, ಅನುಪಾತ ಒಂದೇ. ಏಳನೇ ತರಗತಿಯ ಪುಸ್ತಕದಲ್ಲಿ ಅನುಪಾತ ಕಲಿಸಲು ನಾನು ಮೂರು ಪೀರಿಯಡ್ ತಗೊಂಡಿದ್ದೆ.

ಇದಕ್ಕೆ ಹೊಂದಿಕೊಂಡೇ ಕನ್ನಡ ಮೇಡಂ ಮಹಾವೀರಾಚಾರ್ಯರ ಅಂಕಿಗಳ ಹಾರ ತಂದರು. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 142857143ನ್ನು 7ರಿಂದ ಗುಣಿಸಿದರೆ 1000000001, ಎರಡು ತುದಿಯಲ್ಲಿ ಒಂದೊಂದು ಮಣಿ, ನಡುವೆ ಬರೀ ಸೊನ್ನೆ. ಮಕ್ಕಳು ಉತ್ತರವನ್ನು ಪಟ್ಟಿ ಕಾಗದದ ಮೇಲೆ ಬರೆದು ಸೇವಂತಿಗೆಯ ಪಕ್ಕ ತೂಗುಹಾಕಿದರು. ಹಾರ ಬರದಿದ್ದರೆ ಎಲ್ಲೋ ತಪ್ಪಾಗಿದೆ ಅಂತ ಅವರಿಗೇ ಗೊತ್ತಾಗುತ್ತಿತ್ತು. "ನಂಗೆ ಗಣಿತ ಆಗಲ್ಲ" ಅಂದಿದ್ದ ಮೇಡಂ ಅವತ್ತು ಎಂಟನೇ ತರಗತಿಯಿಂದ ಹೊರಗೆ ಬರಲೇ ಇಲ್ಲ.

ಹಾಲಿನ ವಿಷಯ ಚಿಕ್ಕದು, ಆದರೆ ಈಗಲೂ ನಡೆಯುತ್ತಿದೆ. ಕ್ಷೀರಭಾಗ್ಯದಲ್ಲಿ ಒಂದು ಮಗುವಿಗೆ 18 ಗ್ರಾಂ ಪುಡಿಯಿಂದ 150 ಮಿಲಿಲೀಟರ್ ಹಾಲು. ಬೆಳಿಗ್ಗೆ ಹಾಜರಾತಿ ತಗೊಂಡು ಅವತ್ತಿನ ಪುಡಿ ಲೆಕ್ಕ ಹಾಕಿ ಅಡುಗೆ ಅಕ್ಕನಿಗೆ ಚೀಟಿ ಕೊಡುವ ಕೆಲಸವನ್ನು ಆರನೇ ತರಗತಿಯ ಇಬ್ಬರಿಗೆ ವಹಿಸಿದೆವು. ಮಂಗಳವಾರ 168 ಮಕ್ಕಳು ಬಂದಿದ್ದರು. 3 ಕಿಲೋ 24 ಗ್ರಾಂ ಅಂತ ಬರೆದುಕೊಟ್ಟರು. ಅಕ್ಕ ತಮ್ಮ ಅಳತೆ ಲೋಟದಲ್ಲಿ ಹಾಕಿ ತೂಗಿ ನೋಡಿ, "ಸರಿಯಾಗಿದೆ ಕಣ್ರೋ" ಅಂದರು. ಅವರ ಆ ಒಂದು ಮಾತಿಗೆ ನನ್ನ ನೂರು ಟಿಕ್ ಮಾರ್ಕ್ ಸಮವಲ್ಲ.

ಬುಧವಾರ: ರಂಗೋಲಿ

ನನಗೆ ಮರೆಯಲಾಗದ ದಿನ ಇದು.

ಅಂಗಳವನ್ನು ನೀರು ಹಾಕಿ ತೊಳೆದು, ಆರು ಗುಂಪು ಮಾಡಿದೆವು. ಹುಡುಗರಲ್ಲಿ ಕೆಲವರು "ನಾವ್ ಹಾಕಲ್ಲ" ಅಂತ ಕಂಬಕ್ಕೆ ಒರಗಿ ನಿಂತರು. ಅವರಿಗೆ ಚುಕ್ಕಿ ಎಣಿಸುವ ಕೆಲಸ ಕೊಟ್ಟೆ. ಹತ್ತು ನಿಮಿಷಕ್ಕೆ ಎಣಿಕೆ ತಪ್ಪಿ, ಕೂತು ನೋಡಿ, ಆಮೇಲೆ ತಾವೇ ಪುಡಿ ಕೇಳಿದರು.

ಮೊದಲು ನೇರ ಚುಕ್ಕಿ: 1, 3, 5, 7, 5, 3, 1. ಒಟ್ಟು 25. ಇದರೊಳಗೆ ಓರೆಯಾಗಿ ನೋಡಿದರೆ ನಾಲ್ಕಕ್ಕೆ ನಾಲ್ಕರ ಒಂದು ಚೌಕ, ಅದರ ಸಂದಿನಲ್ಲಿ ಮೂರಕ್ಕೆ ಮೂರರ ಇನ್ನೊಂದು ಚೌಕ ಕೂತಿದೆ. 16 ಮತ್ತು 9. ನಾನು ಇದನ್ನು ತೋರಿಸಬೇಕು ಅಂತ ಬಣ್ಣದ ಪುಡಿ ತಂದಿದ್ದೆ.

ಎರಡನೆಯದು ಸಂದಿನ ಚುಕ್ಕಿ, 7ರಿಂದ 4ಕ್ಕೆ. ನಡುವೆ ಏಳು, ಮೇಲೂ ಕೆಳಗೂ 6, 5, 4. ಒಟ್ಟು ಎಷ್ಟು ಅಂತ ಕೇಳಿದೆ. ಎಲ್ಲರೂ ಸಾಲು ಸಾಲಾಗಿ ಕೂಡಿಸುತ್ತಿದ್ದರು. ಹಿಂದಿನ ವರ್ಷ ಪೊರಕೆ ಹಿಡಿದು ಪ್ರಶ್ನೆ ಕೇಳಿದ್ದ ಹುಡುಗಿ ಈಗ ಎಂಟನೇ ತರಗತಿಯಲ್ಲಿದ್ದಳು. ಅವಳು ಕೂಡಿಸಲೇ ಇಲ್ಲ. ನಡುವಿನ ಚುಕ್ಕಿಯ ಮೇಲೆ ಬೆರಳಿಟ್ಟು ಹೇಳಿದಳು:

"ಮಿಸ್, ನಾವು ಮನೇಲಿ ಒಳಗಿಂದ ಎಣಿಸ್ತೀವಿ. ನಡುವೆ ಒಂದು. ಸುತ್ತ ಆರು. ಅದರ ಸುತ್ತ ಹನ್ನೆರಡು. ಆಮೇಲೆ ಹದಿನೆಂಟು."

1, 6, 12, 18. ಒಟ್ಟು 37. ನಾನು ಕುಕ್ಕರಗಾಲಲ್ಲಿ ಕೂತುಬಿಟ್ಟೆ. "9ರಿಂದ 5ಕ್ಕೆ ಹಾಕಿದ್ರೆ?" ಅಂದೆ. ಅವಳು ಚುಕ್ಕಿ ಇಡದೆಯೇ, "ಇನ್ನೊಂದು ಸುತ್ತು ಅಷ್ಟೇ ಅಲ್ವಾ ಮಿಸ್, ಇಪ್ಪತ್ನಾಲ್ಕು ಸೇರಿಸಿ, 61" ಅಂದಳು. ಅದರ ಮುಂದಿನದಕ್ಕೆ 30 ಸೇರಿಸಿ 91 ಅಂದಳು. ಒಂದೊಂದು ಸುತ್ತಿಗೂ ಆರಾರು ಯಾಕೆ ಜಾಸ್ತಿ ಆಗುತ್ತೆ ಅಂತ ಕೇಳಿದೆ. ಯೋಚಿಸಿದಳು. "ಆರು ಮೂಲೆ ಇದೆಯಲ್ಲ ಮಿಸ್. ಒಂದೊಂದು ಬದಿಗೂ ಒಂದೊಂದು ಚುಕ್ಕಿ ಉದ್ದ ಆಗುತ್ತೆ." ಬೀಜಗಣಿತದ ಪುಸ್ತಕದಲ್ಲಿ ಅಕ್ಷರ ಹಾಕಿ ಬರೆಯುವ ಮಾತು ಇದೇ. ಅವಳ ಪರೀಕ್ಷೆಯ ಪತ್ರಿಕೆಯಲ್ಲಿ ಬೀಜಗಣಿತದ ಜಾಗ ಯಾವಾಗಲೂ ಖಾಲಿ ಇರುತ್ತಿತ್ತು.

ಉಳಿದ ಗುಂಪಿನವರು ತಮ್ಮ ರಂಗೋಲಿ ಬಿಟ್ಟು ಬಂದು ಅವಳ ಸುತ್ತ ನಿಂತರು. ನಾನು ತಂದಿದ್ದ ಬಣ್ಣದ ಪುಡಿ ಅವಳ ಸುತ್ತುಗಳಿಗೆ ಬಳಕೆಯಾಯಿತು.

ಗುರುವಾರ: ಕೆಟ್ಟ ದಿನ

ಚೌಕಾಬಾರ ಇಟ್ಟುಕೊಂಡಿದ್ದೆವು. ಐದಕ್ಕೆ ಐದರ ಮನೆ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, 4. ನಾಲ್ಕೂ ಬೋರಲು ಬಿದ್ದರೆ ಬಾರ, 8. ಎರಡೂ ಕಡೆ ಬೀಳುವ ಸಾಧ್ಯತೆ ಸಮ ಅಂತ ಇಟ್ಟುಕೊಂಡರೆ ಒಟ್ಟು 16 ಬಗೆ. ಅದರಲ್ಲಿ ಎರಡು ಬೀಳುವುದು 6 ಬಗೆಯಲ್ಲಿ, ಒಂದು ಮತ್ತು ಮೂರು ನಾಲ್ಕು ನಾಲ್ಕು ಬಗೆಯಲ್ಲಿ, ಚೌಕ ಮತ್ತು ಬಾರ ಒಂದೊಂದೇ ಬಗೆಯಲ್ಲಿ. ಮಕ್ಕಳು 50 ಸಲ ಎಸೆದು ಗೀಟು ಹಾಕಿ ಎಣಿಸಬೇಕು ಅನ್ನುವುದು ನನ್ನ ಯೋಜನೆ.

ಕವಡೆ ಸಾಲಲಿಲ್ಲ. ಅರ್ಧದಷ್ಟು ಗುಂಪುಗಳಿಗೆ ಒಡೆದ ಹುಣಸೆ ಬೀಜ ಕೊಟ್ಟೆವು. ಮಕ್ಕಳಿಗೆ ಆಟ ಬೇಕಿತ್ತು, ಗೀಟು ಬೇಕಿರಲಿಲ್ಲ. ಎರಡು ಪೀರಿಯಡ್ ಮುಗಿದರೂ ಯಾರ ಕಾಯಿಯೂ ಹಣ್ಣಾಗಿರಲಿಲ್ಲ. ಎಬ್ಬಿಸಲು ಹೋದಾಗ ಅಳು, ಜಗಳ. ಪಕ್ಕದ ಕೊಠಡಿಯಲ್ಲಿ ಪಾಠ ಮಾಡುತ್ತಿದ್ದವರಿಗೆ ಗಲಾಟೆ ಸಹಿಸಲಾಗಲಿಲ್ಲ. ಮಧ್ಯಾಹ್ನಕ್ಕೆ ಇಟ್ಟಿದ್ದ 'ನಿಧಿ ಹುಡುಕಾಟ' ಇನ್ನೂ ಕಷ್ಟ ತಂದಿತು. ಸುಳಿವಿನ ಲೆಕ್ಕ ಬಿಡಿಸುವ ಬದಲು ಎಲ್ಲರೂ ಮುಂದೆ ಓಡುವವನ ಹಿಂದೆ ಓಡಿದರು. ಮೆಟ್ಟಿಲ ಹತ್ತಿರ ಒಬ್ಬ ಬಿದ್ದು ಮೊಣಕಾಲು ತರಚಿಕೊಂಡ. ಅಲ್ಲಿಗೇ ನಿಲ್ಲಿಸಿದೆ. ಮೂರು ಪ್ರಶ್ನೆಗಳನ್ನು ನಾವೇ ಬರೆದಿದ್ದೆವು. ಈ ಎರಡು ಚಟುವಟಿಕೆಗಳನ್ನು ಅವುಗಳಿಗೆ ಒಡ್ಡದೆ, ಮಕ್ಕಳಿಗೆ ಇಷ್ಟ ಆಗುತ್ತೆ ಅಂತಷ್ಟೇ ನಾನು ಸೇರಿಸಿದ್ದೆ. ತಪ್ಪು ನನ್ನದೇ.

ಉಳಿದದ್ದು ಒಂದು ಒಳ್ಳೆಯ ಪ್ರಶ್ನೆ. ಹುಣಸೆ ಬೀಜದ ಗೀಟುಗಳೂ ಕವಡೆಯ ಗೀಟುಗಳೂ ಬೇರೆ ಬೇರೆ ಬಂದಿದ್ದವು. ಯಾಕೆ ಅಂತ ಐದನೇ ತರಗತಿಯವರು ಕೇಳಿದರು. ಕವಡೆಯ ಬೆನ್ನು ಉಬ್ಬು, ಅದು ಎರಡೂ ಕಡೆಗೆ ಸಮನಾಗಿ ಬೀಳಬೇಕೆಂದಿಲ್ಲ. ಅದನ್ನು ಜನವರಿಯಲ್ಲಿ ನಿಧಾನವಾಗಿ ಮಾಡಿದೆವು.

ಶುಕ್ರವಾರ: ಆಟೋ ನಂಬರು

ರಾಮಾನುಜನ್ ದಿನ. ಭಾಷಣ ಇಡಲಿಲ್ಲ. ಆಸ್ಪತ್ರೆಯಲ್ಲಿದ್ದ ಅವರನ್ನು ನೋಡಲು ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ ಬಂದ ಟ್ಯಾಕ್ಸಿಯ ನಂಬರ್ 1729. ಅದನ್ನು ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅಂತ ರಾಮಾನುಜನ್ ಹೇಳಿದ್ದು. 1ರ ಘನ, 12ರ ಘನ. 9ರ ಘನ, 10ರ ಘನ. ಈ ಕತೆಯನ್ನು ಐದು ನಿಮಿಷದಲ್ಲಿ ಹೇಳಿದೆ.

ಮಕ್ಕಳಿಗೆ ಹಿಂದಿನ ದಿನವೇ ಹೇಳಿದ್ದೆ, ಬರುವ ದಾರಿಯಲ್ಲಿ ಒಂದು ಆಟೋ ನಂಬರು ಬರೆದುಕೊಂಡು ಬನ್ನಿ ಅಂತ. ಕೆಎ 05 ಆಗಲಿ, ಬೇರೆ ಆಗಲಿ, ಕೊನೆಯ ನಾಲ್ಕು ಅಂಕಿ ಸಾಕು. ನಾಲ್ಕೂ ಒಂದೇ ಅಂಕಿ ಆಗಿರಬಾರದು. ಆ ಅಂಕಿಗಳಿಂದ ಅತಿ ದೊಡ್ಡ ಸಂಖ್ಯೆ ಮಾಡಿ, ಅತಿ ಚಿಕ್ಕದನ್ನು ಕಳೆಯಿರಿ. ಬಂದದ್ದಕ್ಕೆ ಮತ್ತೆ ಅದೇ ಮಾಡಿ. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಕಾಪ್ರೇಕರ್ 1949ರಲ್ಲಿ ಕಂಡುಹಿಡಿದದ್ದು ಇದು. ಎಲ್ಲಿಂದ ಶುರು ಮಾಡಿದರೂ ಏಳು ಹೆಜ್ಜೆಯೊಳಗೆ 6174ಕ್ಕೆ ಬಂದು ನಿಲ್ಲುತ್ತದೆ.

ಬೋರ್ಡಿನ ಮೇಲೆ 1729ನ್ನೇ ತಗೊಂಡೆವು. 9721ರಲ್ಲಿ 1279 ಕಳೆದರೆ 8442. ಆಮೇಲೆ 5994, 5355, 1998, 8082, 8532, 6174. ಸರಿಯಾಗಿ ಏಳು ಹೆಜ್ಜೆ.

ಎಲ್ಲರಿಗೂ ತಮ್ಮ ಆಟೋ ಬಂದು ತಲುಪುವವರೆಗೆ ಬಿಡಲು ಮನಸ್ಸಿಲ್ಲ. ಕಳೆಯುವ ಲೆಕ್ಕದಲ್ಲಿ ದಶಕ ಎರವಲು ತಗೊಳ್ಳುವುದು ನಾಲ್ಕು, ಐದನೇ ತರಗತಿಯವರಿಗೆ ದೊಡ್ಡ ತೊಡಕು. ಅವತ್ತು ಒಬ್ಬೊಬ್ಬರು 15, 20 ಕಳೆಯುವ ಲೆಕ್ಕ ಮಾಡಿದರು, ಯಾರೂ ಹೋಂವರ್ಕ್ ಅಂತ ಗೊಣಗಲಿಲ್ಲ. ಏಳು ದಾಟಿದರೂ 6174 ಬರದಿದ್ದರೆ ಹಿಂದೆ ಹೋಗಿ ತಾವೇ ತಪ್ಪು ಹುಡುಕಿದರು. 8082ರಿಂದ ಅತಿ ಚಿಕ್ಕದು ಮಾಡುವಾಗ ಸೊನ್ನೆಯನ್ನು ಮುಂದೆ ಇಟ್ಟು 0288 ಬರೆಯಬೇಕು ಅನ್ನುವುದನ್ನು ಒಬ್ಬರಿಂದ ಒಬ್ಬರು ಕಲಿತರು. ನಾನು ಸುಮ್ನೆ ಓಡಾಡುತ್ತಿದ್ದೆ.

ವಾರ ಮುಗಿದ ಮೇಲೆ

ಖರ್ಚು ಸಾವಿರ ರೂಪಾಯಿ ದಾಟಲಿಲ್ಲ. ಕಡಲೆಕಾಯಿ, ಹುರಿ, ಒಂದು ಮಾರು ಹೂವು, ರಂಗೋಲಿ ಪುಡಿ, ಚಾರ್ಟ್ ಕಾಗದ. ಒಂದರಿಂದ ಮೂರನೇ ತರಗತಿಯ ನಲಿಕಲಿ ಮಕ್ಕಳಿಗೆ ನಾವು ಬೇರೆ ಏನೂ ಯೋಚಿಸಿರಲಿಲ್ಲ. ಅವರು ಹುರಿಗಾಗಿ ಅತ್ತರು, ಅಳೆಯಲು ಅವರಿಗೂ ಕೊಡಬೇಕಿತ್ತು. ಮುಂದಿನ ಸಲ ಗುರುವಾರವನ್ನು ಪೂರ್ತಿ ಖಾಲಿ ಬಿಡಬೇಕು ಅಂತ ಬರೆದುಕೊಂಡಿದ್ದೇನೆ, ಹಿಂದಿನ ಮೂರು ದಿನದ ಕೆಲಸ ಅರ್ಧ ಉಳಿದವರು ಮುಗಿಸಿಕೊಳ್ಳಲಿ. ಪರೀಕ್ಷೆಯ ಅಂಕ ಜಾಸ್ತಿಯಾಯಿತಾ ಅಂತ ಪೋಷಕರ ಸಭೆಯಲ್ಲಿ ಕೇಳಿದರು. ಒಂದು ವಾರಕ್ಕೆ ಅಂಕ ಏರಿತು ಅಂತ ನಾನು ಹೇಳಲಾರೆ. ಆರನೇ ತರಗತಿಯ ಆ ಹುಡುಗ ಈಗ ಗುಣಾಕಾರ ಕೊಟ್ಟರೆ "ಪಾವಲ್ಲಿ ಹೇಳಿ ಮಿಸ್" ಅನ್ನುತ್ತಾನೆ. ಹೇಳುತ್ತೇನೆ, ಮಾಡುತ್ತಾನೆ.

ಶನಿವಾರ ಬೆಳಿಗ್ಗೆ ಭರಣಿಯ ಕಡಲೆಕಾಯಿ ಹಂಚುವುದಿತ್ತು. ಅವತ್ತು ಬಂದವರು 171. ತಲೆಗೆ ನಾಲ್ಕು ಕೊಟ್ಟರೆ 152 ಉಳಿಯುತ್ತದೆ. ಐದು ಕೊಡಲು 855 ಬೇಕು, ಇರುವುದು 836. ಹಾಲಿನ ಲೆಕ್ಕದ ಇಬ್ಬರು ಇದನ್ನು ಬೋರ್ಡಿನ ಮೇಲೆ ಬರೆದು, ಏನು ಮಾಡುವುದು ಅಂತ ನನ್ನ ಮುಖ ನೋಡಿದರು. ಎಂಟನೇ ತರಗತಿಯ ಸಾಲಿನಿಂದ ರಂಗೋಲಿಯ ಹುಡುಗಿ ಎದ್ದು ನಿಂತಳು.

"19 ತಾನೇ ಕಮ್ಮಿ? ನಮ್ಮ ಕ್ಲಾಸಲ್ಲಿ 19 ಜನ ನಾಲ್ಕು ನಾಲ್ಕೇ ತಗೋತೀವಿ ಮಿಸ್. ಚಿಕ್ಕೋರಿಗೆಲ್ಲ ಐದೈದು ಕೊಡಿ."